ಒಂದು ಗೋಡೆಗೆ ಮೂರು ಗಾರೆ

ಹೋದ ವಾರ ಶಿವಮೊಗ್ಗದ ವಿನೋಬನಗರದ ನಮ್ಮ ಪಕ್ಕದ ಮನೆಯವರು ಊರಿನ ಅಡಿಕೆ ತೋಟಕ್ಕೆ ಸುಣ್ಣ, ಮೈಲುತುತ್ತ ಬೆರೆಸಿದ ಔಷಧಿ ಹೊಡೆಸುವ ತಯಾರಿಯಲ್ಲಿದ್ದರು. ಅಂಗಳದಲ್ಲಿ ಒಂದು ಹಳೆಯ ಕಬ್ಬಿಣದ ಡ್ರಮ್ ಇಟ್ಟು, ಸುಣ್ಣದ ಕಲ್ಲು ಸುರಿದು, ಮೇಲಿಂದ ನೀರು ಹೊಯ್ದರು. ನಾನು ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆ. ಸುಣ್ಣ ಕುದಿಯಲು ಶುರುವಾಗಿ ಅದರ ವಾಸನೆ ಮೇಲಕ್ಕೆ ಬಂತು. ಕಾದ ನೆಲದ ಮೇಲೆ ಮೊದಲ ಮಳೆ ಬಿದ್ದಾಗ ಬರುವಂಥದ್ದೇ, ಆದರೆ ಅದಕ್ಕಿಂತ ಒಗರು. ಮೂಗಿನ ತುದಿಯನ್ನು ಸಣ್ಣಗೆ ಸುಡುವ ವಾಸನೆ. ಹಿಂಡಿದ ಟವೆಲ್ಲು ಕೈಯಲ್ಲೇ ಉಳಿಯಿತು. ಪಕ್ಕದ ಮನೆಯವರು ಕೆಳಗಿನಿಂದ ತಲೆಯೆತ್ತಿ, “ಏನ್ ಮೇಡಂ, ವಾಸನೆಗೆ ತೊಂದ್ರೆ ಆಯ್ತಾ? ಮುಚ್ಚಿಬಿಡ್ಲಾ?” ಎಂದರು. “ಬೇಡ ಬೇಡ, ಹಾಗೇ ಇರ್ಲಿ,” ಎಂದೆ. ನನ್ನ ತಲೆ ಸರಿಯಿದೆಯೇ ಎಂದು ಅವರಿಗೆ ಅನುಮಾನ ಬಂದಿರಬೇಕು.

ಆ ವಾಸನೆ ನನ್ನ ಮೂಗಿಗೆ ಮೊದಲು ಬಿದ್ದದ್ದು ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ನನಗೆ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ದಾವಣಗೆರೆಯ ನನ್ನನ್ನು ಭದ್ರಾವತಿಗೆ ಕೊಟ್ಟಿದ್ದರು. ಮಾವ ರುದ್ರಪ್ಪನವರು ಅಲ್ಲಿನ ಕಾರ್ಖಾನೆಯಲ್ಲಿ ಮೇಸ್ತ್ರಿ. ಮೇಸ್ತ್ರಿ ಎಂದರೆ ಮನೆ ಕಟ್ಟುವ ಮೇಸ್ತ್ರಿಯಲ್ಲ. ಕಬ್ಬಿಣ ಕರಗಿ ನೀರಾಗುವ ಕುಲುಮೆಗಳ ಒಳಮೈಗೆ ಇಟ್ಟಿಗೆ ಕಟ್ಟುವವರು. ಆ ಕೆಲಸದ ಅಳತೆಯೇ ಬೇರೆ. ಎರಡು ಇಟ್ಟಿಗೆಯ ನಡುವೆ ಲಗ್ನಪತ್ರಿಕೆ ತೂರಿಸಿದರೆ ಅದು ಒಳಗೆ ಹೋಗಬಾರದು. ಹೋದರೆ ಕಟ್ಟಿದ್ದನ್ನು ಕಿತ್ತು ಮತ್ತೆ ಕಟ್ಟಬೇಕು. ನಮ್ಮ ಮದುವೆಯ ಪತ್ರಿಕೆ ಅಚ್ಚಾಗಿ ಬಂದಾಗ ಮಾವ ಅದನ್ನು ಓದುವ ಮೊದಲು ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ದಪ್ಪ ನೋಡಿದ್ದರಂತೆ. “ಸ್ವಲ್ಪ ದಪ್ಪ ಆಯ್ತು,” ಎಂದರಂತೆ. ಹುಡುಗಿಯ ಬಗ್ಗೆ ಏನೋ ಹೇಳುತ್ತಿದ್ದಾರೆಂದು ನಮ್ಮ ಕಡೆಯವರು ಗಾಬರಿಬಿದ್ದಿದ್ದರು.

ನಾನು ಆ ಮನೆಗೆ ಕಾಲಿಟ್ಟ ವರ್ಷವೇ ಮಾವ ಸ್ವಯಂ ನಿವೃತ್ತಿ ತೆಗೆದುಕೊಂಡರು. ಆಗ ಭದ್ರಾವತಿಯಲ್ಲಿ ಯಾವ ಮನೆಯ ಜಗುಲಿಯಲ್ಲಿ ಕೂತರೂ ಅದೇ ಮಾತು. ಕೆಲಸ ಬಿಟ್ಟ ಮೇಲೆ ಕ್ವಾರ್ಟರ್ಸನ್ನೂ ಬಿಡಬೇಕು. ಅತ್ತೆ ಗೌರಮ್ಮನವರು ಒಬ್ಬಳೇ ಮಗಳು. ಶಿವಮೊಗ್ಗದ ಕೋಟೆಯ ಹಿಂದೆ, ತುಂಗೆಯ ಕಡೆಗೆ ಮುಖ ತಿರುಗಿಸಿ ನಿಂತಿದ್ದ ಅವರಪ್ಪನ ಮನೆ ಅವರ ಪಾಲಿಗೆ ಬಂದಿತ್ತು. ಬಹಳ ವರ್ಷ ಬಾಡಿಗೆಗೆ ಕೊಟ್ಟಿದ್ದ ಆ ಮನೆಗೆ ನಾವು ನಾಲ್ವರೂ ಬಂದೆವು. ಅತ್ತೆಗೆ ತವರಿಗೆ ಬಂದ ಹಿಗ್ಗು. ಮಾವನಿಗೆ ಹೆಂಡತಿಯ ಮನೆಯಲ್ಲಿ ಕೂತು ಉಣ್ಣುವ ಮುಜುಗರ. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಕಾಫಿಗೆ ಸಕ್ಕರೆ ಸಾಲದಿದ್ದರೂ ಕೇಳುತ್ತಿರಲಿಲ್ಲ, ಹಾಗೇ ಕುಡಿದು ಲೋಟ ಇಡುತ್ತಿದ್ದರು. ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗುವ ಹೊತ್ತಿಗೆ ಎದ್ದು ಕೂರುತ್ತಿದ್ದರು. ಶಿವಮೊಗ್ಗದಲ್ಲಿ ಯಾವ ಸೈರನ್ನೂ ಇರಲಿಲ್ಲ. ಆಡುವ ನಾಲ್ಕು ಮಾತೂ “ಕಾರ್ಖಾನೇಲಿದ್ದಾಗ” ಎಂದೇ ಶುರುವಾಗುತ್ತಿದ್ದವು. ಉಳಿದ ಹೊತ್ತು ಹಿತ್ತಿಲ ಕಲ್ಲುಚಪ್ಪಡಿಯ ಮೇಲೆ ಕೂತು ಪಡುವಣ ಗೋಡೆಯನ್ನು ನೋಡುತ್ತಿದ್ದರು.

ಆ ಗೋಡೆಯೂ ನೋಡುವ ಹಾಗೇ ಇತ್ತು. ಈಗಿನ ಇಟ್ಟಿಗೆಯ ಅರ್ಧ ದಪ್ಪದ, ಬೆಲ್ಲದಚ್ಚಿನ ಬಣ್ಣದ ಸಣ್ಣ ಇಟ್ಟಿಗೆಗಳು. ಹೊರಗಡೆ ಗಿಲಾವೇ ಇಲ್ಲ, ಬೆತ್ತಲೆ ಗೋಡೆ. ಪಡುವಣ ಗಾಳಿಯ ಜೊತೆ ಬರುವ ಮಳೆಯೆಲ್ಲ ನೆಟ್ಟಗೆ ಬಂದು ಬಡಿಯುವುದು ಅದಕ್ಕೇ. ಇಟ್ಟಿಗೆಗಳ ಸಂದಿಯಲ್ಲಿದ್ದದ್ದು ಉದುರಿ ಉದುರಿ, ಎಷ್ಟೋ ಕಡೆ ನನ್ನ ಬೆರಳು ಎರಡನೇ ಗೆಣ್ಣಿನ ತನಕ ಒಳಗೆ ಹೋಗುತ್ತಿತ್ತು. ಇರುವೆ, ಕಣಜ, ಒಂದು ಕಡೆ ಅರಳಿ ಸಸಿ, ಎಲ್ಲ ಅಲ್ಲೇ ಸಂಸಾರ ಹೂಡಿದ್ದವು. ಬಾಡಿಗೆಯವರು ಯಾವಾಗಲೋ ಒಂದು ಮೂಲೆಯ ಸಂದಿಗಳಿಗೆ ಸಿಮೆಂಟು ಮೆತ್ತಿಸಿದ್ದರು. ಅಲ್ಲಿ ಇನ್ನೂ ವಿಚಿತ್ರ. ಸಿಮೆಂಟು ಗಟ್ಟಿಯಾಗಿ ಹಾಗೇ ನಿಂತಿತ್ತು, ಇಟ್ಟಿಗೆಗಳೇ ಮುಖ ಕಳಚಿಕೊಂಡು ಪುಡಿಪುಡಿಯಾಗಿದ್ದವು.

ಮಳೆಗಾಲದಲ್ಲಿ ಅಡುಗೆಮನೆಯ ಒಳಗೋಡೆ ತೋಯ್ದು ತೊಪ್ಪೆಯಾಗುತ್ತದೆಂದು ಬಾಡಿಗೆಯವರು ಹೋಗುವಾಗ ಹೇಳಿದ್ದರು. ನನ್ನ ಗಂಡ ಪ್ರಕಾಶ ಒಬ್ಬ ಕಂಟ್ರಾಕ್ಟರನ್ನು ಕರೆತಂದ. ಆತ ಬೆರಳ ಗೆಣ್ಣಿನಿಂದ ಗೋಡೆಯನ್ನು ತಟ್ಟಿ, ತಲೆಯಾಡಿಸಿ, “ಇದಕ್ಕೆ ಜೀವ ಇಲ್ಲ ಸಾರ್, ಒಡೆದು ಬ್ಲಾಕ್ ಕಟ್ಟಿಬಿಡಣ,” ಎಂದ. ಪ್ರಕಾಶ ಒಳ್ಳೆಯವನೇ, ಆದರೆ ಯಾವ ವಿಷಯವನ್ನೂ ಬಹಳ ದಿನ ತಲೆಯಲ್ಲಿ ಇಟ್ಟುಕೊಳ್ಳುವವನಲ್ಲ. “ಈ ಒಂದು ಮಳೆಗಾಲ ನೋಡಣ. ಸೋರಿದ್ರೆ ಒಡೆಸೋದೇ,” ಎಂದುಬಿಟ್ಟ.

ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಊಟಕ್ಕೆ ಕೂತಾಗ ಅತ್ತೆ ಹೇಳಿದರು, “ಒಡೆಯೋದ್ಯಾಕೆ? ಸಂದಿಗೆ ಗಾರೆ ತುಂಬಿದ್ರೆ ನಮ್ಮಪ್ಪನ ಗೋಡೆ ಇನ್ನೂ ನಮ್ಮ ಮೊಮ್ಮಕ್ಕಳ ಕಾಲಕ್ಕೂ ನಿಲ್ತದೆ.”

ಮಾವ ತಟ್ಟೆಯಿಂದ ತಲೆ ಎತ್ತಿದರು. “ಗಾರೆ ತಾನೆ? ನಾನೇ ತುಂಬ್ತೀನಿ.”

“ಹೌದು ಮಾವ, ಗಾರೆ ಹಾಕಿದ್ರೆ ಗಟ್ಟಿ ಆಗುತ್ತೆ,” ಎಂದು ನಾನೂ ಸೇರಿಸಿದೆ. ಪ್ರಕಾಶ, “ಸರಿ, ಹಾಗೇ ಮಾಡಿ,” ಎಂದ. ನಮ್ಮ ಮನೆಯಲ್ಲಿ ಅಷ್ಟು ಬೇಗ ಯಾವ ವಿಷಯವೂ ಇತ್ಯರ್ಥವಾಗಿರಲಿಲ್ಲ. ಜಗಳವಿಲ್ಲದೆ ಮುಗಿದ ಮಾತಿನ ಬಗ್ಗೆ ಸ್ವಲ್ಪ ಅನುಮಾನ ಪಡಬೇಕು ಎಂದು ನನಗೆ ಗೊತ್ತಾದದ್ದು ಆಮೇಲೆ. ದಾವಣಗೆರೆಯ ನಮ್ಮ ಮನೆಯಲ್ಲಿ ಗಾರೆ ಎಂದರೆ ಸಿಮೆಂಟು. ಗಾರೆ ನೆಲ, ಗಾರೆ ಕಟ್ಟೆ, ಎಲ್ಲ ಸಿಮೆಂಟಿನವೇ. ಅತ್ತೆಯ ಬಾಯಲ್ಲಿ ಗಾರೆ ಎಂದರೆ ಅರೆದ ಸುಣ್ಣ. ಮಾವನಿಗೆ ಎರಡು ಇಟ್ಟಿಗೆಯ ನಡುವೆ ಇರುವುದೆಲ್ಲ ಗಾರೆ. ಅವರ ಇಡೀ ಆಯುಷ್ಯದಲ್ಲಿ ಇಟ್ಟಿಗೆಗಳ ನಡುವೆ ಇದ್ದದ್ದು ಒಂದೇ ವಸ್ತು. ಮೂವರೂ ಗಾರೆ ಗಾರೆ ಎನ್ನುತ್ತ, ಮೂರು ಬೇರೆ ಬೇರೆ ಪದಾರ್ಥಗಳಿಗೆ ತಲೆಯಾಡಿಸಿದ್ದೆವು.

ಮಾವ ಮಾರನೆಯ ದಿನವೇ ಭದ್ರಾವತಿಗೆ ಹೋದರು. ಸಂಜೆ ಲಗೇಜ್ ಆಟೋದಲ್ಲಿ ಹಳೆಯ ಜೊತೆಗಾರ ಸೆಲ್ವರಾಜನ ಜೊತೆ ಮೂಟೆಗಳನ್ನು ಇಳಿಸಿದರು. ಒಳಗೆ ಬೂದುಬಿಳಿ ಬಣ್ಣದ, ಮುಟ್ಟಿದರೆ ಪೌಡರಿನ ಹಾಗೆ ನುಣುಪಾದ ಮಣ್ಣು. ಸಣ್ಣ ಫೌಂಡ್ರಿಗಳಿಗೆ ಮಾರುವ ಅಂಗಡಿಯಿಂದ ತಂದಿದ್ದ ಫೈರ್‌ಕ್ಲೇ. ಕುಲುಮೆಯ ಇಟ್ಟಿಗೆಗಳನ್ನು ಕಟ್ಟುವುದು ಅದರಿಂದಲೇ. ನನಗೆ ಅದು ಒಂದು ಜಾತಿಯ ಸಿಮೆಂಟಿನ ಹಾಗೆ ಕಂಡಿತು, ಸುಮ್ಮನಿದ್ದೆ.

ಮಾವನ ಕೈಗೆ ಕರಣೆ ಬಂದ ದಿನ ಮನೆಯ ಗಾಳಿಯೇ ಬದಲಾಯಿತು. ಹಿತ್ತಿಲಿನಿಂದ “ಶೈಲಾ, ಕಾಫಿ ತಾರಮ್ಮ, ಸಕ್ಕರೆ ಸ್ವಲ್ಪ ಮುಂದಿರ್ಲಿ!” ಎಂಬ ಕೂಗು ಬಂದಾಗ ನಾನೂ ಅತ್ತೆಯೂ ಮುಖ ಮುಖ ನೋಡಿಕೊಂಡೆವು. ಹಳೇ ಹ್ಯಾಕ್ಸಾ ಬ್ಲೇಡಿನಿಂದ ಸಂದಿ ಕೆರೆದರು. ಸಂದಿಗಳು ಬೆರಳುದಪ್ಪ ಇದ್ದದ್ದು ಅವರಿಗೆ ಅವಮಾನವಾದಂತಿತ್ತು. “ಇಷ್ಟು ದಪ್ಪ ಜಾಯಿಂಟ್ ನಮ್ಮ ಫೋರ್‌ಮನ್ ಕಂಡಿದ್ರೆ ಕಪಾಳಕ್ಕೆ ಬಿಡ್ತಿದ್ದ,” ಎನ್ನುತ್ತ, ಇಟ್ಟಿಗೆಯ ಚೂರುಗಳನ್ನು ಸೀಳಿ ಸಂದಿಗೆ ತುರುಕಿ ಸಪೂರ ಮಾಡಿ, ಮಣ್ಣನ್ನು ಕಲಸಿ ತುಂಬಿ, ಬಟ್ಟೆಯಿಂದ ಉಜ್ಜಿದರು. ಮಂಡಿನೋವಿನ ಅತ್ತೆ ಬಚ್ಚಲ ಬಾಗಿಲಲ್ಲೇ ನಿಂತು ದೂರದಿಂದ ನೋಡಿ, “ಬೆಳ್ಳಗೆ ಚಂದ ಕಾಣ್ತದೆ,” ಎಂದರು. ಯುಗಾದಿಯ ಹೊತ್ತಿಗೆ ಗೋಡೆ ಮುಗಿಯಿತು. ಬಿಸಿಲಿಗೆ ಅದು ಖಣಖಣ ಒಣಗಿತು. ಬೇವುಬೆಲ್ಲಕ್ಕೆ ಬಂದ ನೆಂಟರನ್ನೆಲ್ಲ ಮಾವ ಹಿತ್ತಿಲಿಗೆ ಕರೆದೊಯ್ದು ಗೋಡೆ ತೋರಿಸಿದರು. ಅದು ಚೆನ್ನಾಗಿಯೇ ಇತ್ತು. ಹೊಲಿಗೆ ಹಾಕಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿತ್ತು.

ಭರಣಿ ಮಳೆ ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂತು. ನಾನು ಹಿತ್ತಿಲಲ್ಲಿ ಹರವಿದ್ದ ಸಂಡಿಗೆ ಎತ್ತಲು ಓಡಿದೆ. ಸಂಡಿಗೆ ಎತ್ತಿಕೊಂಡು ತಿರುಗಿದರೆ, ಗೋಡೆಯಿಂದ ಬೆಳ್ಳಗೆ ನೀರು ಇಳಿಯುತ್ತಿದೆ. ಮೊದಲು ಒಂದೆರಡು ಗೆರೆ. ನೋಡುತ್ತಿದ್ದಂತೆ ಗೋಡೆಯ ತುಂಬ ಗೆರೆ. ಕೆಳಗೆ ಕಲ್ಲುಚಪ್ಪಡಿಯ ಮೇಲೆ ಅಕ್ಕಿ ತೊಳೆದ ನೀರು ಚೆಲ್ಲಿದಂತಾಗಿತ್ತು. ಮಾವ ಎಲ್ಲಿಂದಲೋ ಓಡಿ ಬಂದರು. ಎರಡೂ ಅಂಗೈಗಳನ್ನು ಗೋಡೆಗೆ ಒತ್ತಿ ಹಿಡಿದರು. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಇಳಿಯುತ್ತಿತ್ತು. ಬೆರಳ ಸಂದಿಯಿಂದಲೂ ಇಳಿಯುತ್ತಿತ್ತು. “ಒಳಗೆ ಬನ್ನಿ ಮಾವ,” ಎಂದು ನಾನು ಕೂಗಿದರೆ ಅವರಿಗೆ ಕೇಳಿಸಲೇ ಇಲ್ಲ.

ಅತ್ತೆ ಬಾಗಿಲಿಗೆ ಬಂದರು. “ಇದೇನ್ರೀ ಇದು, ಗಾರೆ ಎಲ್ಲಾದ್ರೂ ಹೀಗೆ ಹರೀತದಾ?”

“ಇದಕ್ಕೆ ಬೆಂಕಿ ಬೇಕು ಗೌರಾ,” ಎಂದರು ಮಾವ, ಗೋಡೆಯಿಂದ ಕೈ ತೆಗೆಯದೆ. “ಬೆಂಕಿ ಕಂಡ್ರೆ ಕಲ್ಲಾಗುತ್ತೆ. ಬೆಂಕಿ ಕಾಣ್ದೆ ಇದ್ರೆ ಮಣ್ಣೇ.” ಅಷ್ಟು ಹೊತ್ತಿಗೆ ಅವರ ದನಿ ಅವರಿಗೇ ಕೇಳಿಸುವಷ್ಟು ಸಣ್ಣಗಾಗಿತ್ತು.

ಅದು ಅವರಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಅವರು ಕಟ್ಟಿದ ಯಾವ ಗೋಡೆಯೂ ಬೆಂಕಿಯನ್ನು ಕಾಣದೆ ಉಳಿದಿರಲಿಲ್ಲ. ಇವರು ಕಟ್ಟಿ ಕೈತೊಳೆದ ಮೇಲೆ ಬೆಂಕಿ ತಾನಾಗಿ ಬರುತ್ತಿತ್ತು, ಅದು ಬೇರೆಯವರ ಪಾಳಿ. ಬೆಂಕಿಯ ಕೆಲಸವೂ ತಮ್ಮ ಕೆಲಸದ ಒಳಗೇ ಇದೆ ಎಂದು ಯೋಚಿಸುವ ಪ್ರಸಂಗವೇ ಅವರಿಗೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಮಾವ ಬ್ಯಾಗಿಗೆ ಎರಡು ಅಂಗಿ, ಪಂಚೆ ತುಂಬುತ್ತಿದ್ದರು. ಅತ್ತೆ ಪೂಜೆಗೆ ಕೂತಿದ್ದರು. ಎಲ್ಲಿಗೆ ಎಂದು ನಾನು ಕೇಳಿದೆ.

“ಭದ್ರಾವತಿಗೆ. ಸೆಲ್ವರಾಜನ ಮನೆ ಹಿಂದೆ ಒಂದು ರೂಮಿದೆ,” ಎಂದರು. “ಗೋಡೆ ಕಟ್ಟೋನು ಅಂತ ಹೇಳ್ಕೊಂಡು ಒಂದು ಗೋಡೆ ಉಳಿಸೋಕೆ ಆಗ್ಲಿಲ್ಲ. ಪ್ರಕಾಶ ಒಡೆಸ್ತಾನೆ, ಒಡೆಸ್ಲಿ. ಅವನ ತಪ್ಪಲ್ಲ. ಅದನ್ನ ನೋಡ್ಕೊಂಡು ಇಲ್ಲಿ ಊಟಕ್ಕೆ ಕೂರೋದು ನನ್ನ ಕೈಲಾಗಲ್ಲ ಕಣಮ್ಮ.”

ಮಾವ ಹೋದರೆ ಮತ್ತೆ ಬರುವವರಲ್ಲ ಎಂದು ಅವರು ಅಂಗಿ ಮಡಿಸುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಏನೋ ಒಂದು ನೆಪ ಬೇಕಿತ್ತು. “ಭಾನುವಾರ ಸೆಲ್ವರಾಜಣ್ಣನೇ ಬರ್ತಾರಂತಲ್ಲ ಮಾವ, ಅವರ ಜೊತೆಗೇ ಹೋಗಿ,” ಎಂದು ಸುಳ್ಳು ಹೇಳಿದೆ. ಆಮೇಲೆ ಮೂಲೆಯ ಕಾಯಿನ್ ಬೂತಿಗೆ ಓಡಿ, ಸೆಲ್ವರಾಜನ ಪಕ್ಕದ ಮನೆಗೆ ಫೋನು ಮಾಡಿ, ಸುಳ್ಳನ್ನು ನಿಜ ಮಾಡಿಸಿದೆ.

ಸೆಲ್ವರಾಜ ಬಂದ. ಹಿತ್ತಿಲಿಗೆ ಹೋಗಿ ಗೋಡೆ ನೋಡಿದ. ನಮ್ಮ ಯಾರ ಮುಖವನ್ನೂ ನೋಡದೆ ಚಪ್ಪಡಿಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಅಯ್ಯೋ ರುದ್ರಣ್ಣ! ನಮ್ದು ಫರ್ನೇಸ್ ಒಳಗೆ ಯಾವತ್ತು ಅಣ್ಣ ಮಳೆ ಬಂದಿರೋದು? ಮೂಟೆ ಹೊತ್ಕೊಂಡ್ ಬಂದೋನು ನಾನು, ನನ್ ತಲೇಗೂ ಹೊಳೀಲಿಲ್ಲ ನೋಡು!”

ಮಾವ ಕೆಂಡದಂಥ ಕಣ್ಣು ಬಿಟ್ಟರು. ಆಮೇಲೆ ಮಾವನ ಮೀಸೆ ಅದುರಿತು, ಹೆಗಲು ಕುಣಿಯಿತು, ಅವರೂ ನಕ್ಕುಬಿಟ್ಟರು. ಆ ಮನೆಗೆ ಬಂದ ಮೇಲೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ನನಗೆ ಅಳು ಬಂತು, ಕಾಫಿ ತರುವ ನೆಪದಲ್ಲಿ ಒಳಗೆ ಹೋದೆ.

ಕಾಫಿ ತಂದಾಗ ಅತ್ತೆ ಮಂಡಿನೋವು ಮರೆತು ಗೋಡೆಯ ಬುಡಕ್ಕೆ ಹೋಗಿದ್ದರು. ಬುಡದಲ್ಲಿ ಬಿದ್ದಿದ್ದ ಹಳೆಯದೊಂದು ಹೆಂಟೆಯನ್ನು ಎತ್ತಿ ಸೆರಗಿನಿಂದ ಒರೆಸಿ ಮಾವನ ಅಂಗೈಗೆ ಹಾಕಿದರು. “ಗಾರೆ ಅಂದ್ರೆ ಇದು ಕಣ್ರೀ.” ಬೆಳ್ಳಗಿನ ಆ ಹೆಂಟೆಯೊಳಗೆ ಉಗುರಿನಷ್ಟು ದೊಡ್ಡದೊಂದು ಚಿಪ್ಪಿನ ಚೂರು ಹೊಳೆಯುತ್ತಿತ್ತು. “ಹೊಳೆ ಚಿಪ್ಪಿನ ಸುಣ್ಣ. ಹೊಳಲೂರಿಂದ ತರ್ಸಿ, ಮರಳು, ಇಟ್ಟಿಗೆ ಪುಡಿ ಹಾಕಿ, ಬೆಲ್ಲದ ನೀರು ಬಿಟ್ಟು ಅರೀತಿದ್ರು. ಬೆಲ್ಲ ಕರಗ್ಸೋ ಕೆಲಸ ನಂದು. ನಮ್ಮಪ್ಪ ಕೊಟ್ಟ ಬೆಲ್ಲದಲ್ಲಿ ಅರ್ಧ ನನ್ನ ಹೊಟ್ಟೆಗೇ ಹೋಗ್ತಿತ್ತು. ಈ ಗೋಡೆ ಸೋರೋದು ಅದಕ್ಕೇ ಇರ್ಬೇಕು.”

“ಹೇಳ್ಬಾರ್ದಾಗಿತ್ತೇನೇ?” ಎಂದರು ಮಾವ.

“ಹೇಳಿದ್ನಲ್ಲ, ಗಾರೆ ಅಂತ!”

“ನಾನು ಸಿಮೆಂಟ್ ಅಂದ್ಕೊಂಡಿದ್ದೆ,” ಎಂದು ನಾನು ಮೆಲ್ಲಗೆ ಹೇಳಿದೆ. ಮೂವರೂ ನನ್ನ ಕಡೆ ತಿರುಗಿದರು. ಸೆಲ್ವರಾಜ ಮತ್ತೆ ಹೊಟ್ಟೆ ಹಿಡಿದುಕೊಂಡ. ಬ್ಯಾಗು ಕೋಣೆಯಲ್ಲಿ ತುಂಬಿದ ಹಾಗೇ ಇತ್ತು, ಆದರೆ ಆ ಸಂಜೆ ಸೆಲ್ವರಾಜ ಒಬ್ಬನೇ ಬಸ್ಸು ಹತ್ತಿದ.

ಹೊಳಲೂರಿನಲ್ಲಿ ಅತ್ತೆಗೆ ಗೊತ್ತಿದ್ದವಳು ನಾಗಮ್ಮ. ಎಲೆಅಡಿಕೆಗೆ ಹಾಕುವ ಸುಣ್ಣವನ್ನು ವಾರಕ್ಕೊಮ್ಮೆ ಶಿವಮೊಗ್ಗದ ಬಜಾರಿಗೆ ತಂದು ಮಾರುವವಳು. ನಾನೂ ಮಾವನೂ ಬಸ್ಸಿನಲ್ಲಿ ಹೋದೆವು. ಅವಳ ಹಿತ್ತಿಲಲ್ಲಿ ನನ್ನ ಸೊಂಟದೆತ್ತರದ ಒಂದು ದುಂಡು ಗೂಡು. ಚಿಪ್ಪು, ಇದ್ದಿಲು, ಚಿಪ್ಪು, ಇದ್ದಿಲು ಎಂದು ಪದರ ಪದರವಾಗಿ ಹಾಕಿ ಸುಡುವುದು ಅದರಲ್ಲೇ. ಮಾವ ಅದರ ಸುತ್ತ ಎರಡು ಸುತ್ತು ಬಂದರು. ದೊಡ್ಡ ದೊಡ್ಡ ಕುಲುಮೆಗಳ ಹೊಟ್ಟೆಯೊಳಗೆ ಇಳಿದು ಕೆಲಸ ಮಾಡಿದ ಮನುಷ್ಯ, ಮಗುವಿನ ತಲೆ ಮುಟ್ಟುವ ಹಾಗೆ ಅದನ್ನು ಮುಟ್ಟಿದರು.

“ಶಾಖ ಎಷ್ಟು ಬರುತ್ತಮ್ಮ ಇದ್ರಲ್ಲಿ?”

“ಶಾಖ ಗೀಖ ನಂಗೊತ್ತಿಲ್ಲಪ್ಪ. ಚಿಪ್ಪು ಬೆಂದು ಬೆಳ್ಳಗಾದ್ರೆ ಆತು,” ಎಂದಳು ನಾಗಮ್ಮ. “ಆದ್ರೆ ಈ ಸಲ ಸರೀಗೆ ಬೇಯ್ತಿಲ್ಲ. ಗೂಡು ಬಿರುಕು ಬಿಟ್ಟೈತೆ. ಎಷ್ಟು ಸಲ ಮೆತ್ತಿದ್ರೂ ಉದುರ್ತದೆ.”

ಮಾವನ ಮುಖ ಹೇಗಾಯಿತೆಂದು ನಾನು ಬರೆದು ತೋರಿಸಲಾರೆ. “ಶೈಲಾ,” ಎಂದರು, “ಮನೇಲಿ ಒಂದು ಮೂಟೆ ಉಳಿದಿದೆಯಲ್ಲಮ್ಮ?”

ಎರಡು ದಿನ ಬಿಟ್ಟು ಆ ಮೂಟೆಯೊಂದಿಗೆ ಮತ್ತೆ ಹೋದೆವು. ನಮ್ಮ ಗೋಡೆಯಿಂದ ಹಾಲಿನ ಹಾಗೆ ಹರಿದು ಹೋದ ಅದೇ ಮಣ್ಣನ್ನು ಮಾವ ಗೂಡಿನ ಬಿರುಕುಗಳಿಗೆ ಲಗ್ನಪತ್ರಿಕೆ ತೂರದ ಹಾಗೆ ತುಂಬಿದರು. ಮೊದಲು ಸಣ್ಣ ಸೌದೆ, ಆಮೇಲೆ ಇದ್ದಿಲು, ಹೀಗೆ ನಿಧಾನವಾಗಿ ಬೆಂಕಿ ಏರಿಸಬೇಕು ಎಂದು ನಾಗಮ್ಮನ ಪಕ್ಕವೇ ಕೂತು ತಾವೇ ಏರಿಸಿದರು. ಆ ಸಲದ ಚಿಪ್ಪು ಬೆಂದು ಗೂಡು ಆರಿದ ಮೇಲೆ ನಾಗಮ್ಮ ನಮ್ಮನ್ನು ಕರೆಸಿಕೊಂಡಳು. ಮಾವ ಬಾಗಿ, ತುಂಬಿದ ಜಾಗವನ್ನು ಕರಣೆಯ ಹಿಡಿಯಿಂದ ತಟ್ಟಿದರು. ಗಂಟೆಯ ಹಾಗೆ ‘ಟಣ್’ ಎಂದಿತು. ನಾಗಮ್ಮ ಹಣೆ ಮು­ಟ್ಟಿಕೊಂಡು, “ಕಲ್ಲಾಗೈತಲ್ಲಪ್ಪ!” ಎಂದಳು. ಬೇಡವೆಂದರೂ ಕೇಳದೆ ಬೆಂದ ಚಿಪ್ಪನ್ನು ಎರಡು ಡಬ್ಬಗಳ ತುಂಬ ತುಂಬಿಕೊಟ್ಟಳು. “ದಾರೀಲಿ ನೀರು ತಾಕಿಸ್ಬೇಡಿ ಮತ್ತೆ. ಬಸ್ಸಲ್ಲೇ ಬೆಂದುಹೋದೀತು,” ಎಂದು ಎಚ್ಚರಿಸಿದಳು. ಬಸ್ಸಿನಲ್ಲಿ ನಾನೊಂದು ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, ಪಕ್ಕದಲ್ಲಿ ನೀರಿನ ಬಾಟಲಿ ತೆಗೆದವರನ್ನೆಲ್ಲ ಕಳ್ಳರನ್ನು ನೋಡುವ ಹಾಗೆ ನೋಡಿದೆ.

ಹಿತ್ತಿಲಲ್ಲಿ ಹಿಂದೆ ಹಸುಗಳಿಗೆ ಕಲಗಚ್ಚು ಇಡುತ್ತಿದ್ದ ಕಲ್ಲುಬಾನಿ ಒಂದಿತ್ತು. ಅತ್ತೆ ನಮ್ಮಿಬ್ಬರ ಕೈಗೂ ಮೊಣಕೈ ತನಕ ಕೊಬ್ಬರಿ ಎಣ್ಣೆ ಹಚ್ಚಿಸಿ, ಕಣ್ಣಿಗೆ ಸಿಡಿದೀತು, ದೂರ ನಿಲ್ಲಿ ಎಂದು ಹತ್ತು ಸಲ ಹೇಳಿದರು. ಬಾನಿಯಲ್ಲಿ ಮುಕ್ಕಾಲು ನೀರು. ಮಾವ ಬೆಂದ ಚಿಪ್ಪುಗಳನ್ನು ಮೊರದಿಂದ ಅದರೊಳಕ್ಕೆ ಜಾರಿಸಿದರು. ಏನೂ ಆಗಲಿಲ್ಲ. ಚಿಪ್ಪುಗಳು ಗುಳುಗುಳು ಎಂದು ಮುಳುಗಿ ಸುಮ್ಮನಾದವು. “ಇಷ್ಟೇನಾ?” ಎಂದು ನಾನು ಕೇಳಬೇಕು, ಅಷ್ಟರಲ್ಲಿ ತಳದಿಂದ ಟಿಕ್ ಎಂಬ ಸದ್ದು ಬಂತು. ಇನ್ನೊಂದು. ಆಮೇಲೆ ಎಣಿಸಲಾಗದಷ್ಟು. ಒಂದೊಂದು ಚಿಪ್ಪೂ ಹೊರಳಿ, ಬಾಯಿ ಬಿಟ್ಟು, ಹಿಟ್ಟಾಗಿ ಬಿಚ್ಚಿಕೊಳ್ಳುತ್ತಿತ್ತು. ನೀರು ಬೆಳ್ಳಗಾಯಿತು, ಬಿಸಿಯಾಯಿತು, ಹಬೆಯೆದ್ದಿತು, ನೋಡನೋಡುತ್ತ ಬಾನಿಯ ತುಂಬ ಕೊತಕೊತ ಕುದಿಯತೊಡಗಿತು. ಹಿತ್ತಿಲೆಲ್ಲ ಆ ಒಗರು ವಾಸನೆ ತುಂಬಿಕೊಂಡಿತು.

ಮಾವ ಬಗ್ಗಿ ಬಾನಿಯ ಕೆಳಗೆ ನೋಡಿದರು. ನಿಜವಾಗಿಯೂ ನೋಡಿದರು, ಅಲ್ಲಿ ಯಾರಾದರೂ ಬೆಂಕಿ ಇಟ್ಟಿದ್ದಾರೆಯೇ ಎಂದು. ಕಲ್ಲಿನ ಹೊರಮೈ ಮುಟ್ಟಿ ಚುರ್ ಎಂದು ಕೈ ಎಳೆದುಕೊಂಡರು.

“ಬೆಂಕಿ ಇಲ್ಲದೆ ಕುದೀತಿದೆಯಲ್ಲೇ ಮಾರಾಯ್ತಿ!” ಎಂದರು ಅತ್ತೆಗೆ. ಮತ್ತೆ ಹಬೆಯ ಕಡೆ ನೋಡಿ, “ಅಲ್ಲ... ಬೆಂಕಿ ಇದೆ. ಆವತ್ತು ಗೂಡಲ್ಲಿ ನಾನೇ ಹಾಕಿದ ಬೆಂಕಿ. ಅದನ್ನ ಇದು ಒಳಗೇ ಇಟ್ಕೊಂಡಿತ್ತು ಕಣೇ. ತಣ್ಣಗೆ ಡಬ್ಬದಲ್ಲಿ ಕೂತ್ಕೊಂಡು ಬಸ್ಸಲ್ಲಿ ಬಂತು. ಈಗ ವಾಪಸ್ ಕೊಡ್ತಿದೆ,” ಎಂದರು.

ಎಣ್ಣೆ ಮೆತ್ತಿದ ಎರಡೂ ಕೈಗಳನ್ನು ಅವರು ಬಾನಿಯ ಮುಂದೆ ಜೋಡಿಸಿದರು. ಅಡುಗೆಮನೆಯಲ್ಲಿ ದಿನವೂ ನೀರು ಕುದಿಸುತ್ತಿದ್ದವಳು ನಾನು. ಕುದಿಯುವುದು ಎಂದರೇನೆಂದು ಅಂದೇ ಮೊದಲ ಸಲ ಕಂಡ ಹಾಗಾಯಿತು. ಕುದಿತ ಇಳಿದು, ಬಾನಿ ತಣ್ಣಗಾಗಿ, ಒಳಗೆ ಗಟ್ಟಿ ಮೊಸರಿನಂಥದ್ದು ಉಳಿಯುವವರೆಗೂ ನಾವು ಯಾರೂ ಅಲ್ಲಿಂದ ಕದಲಲಿಲ್ಲ. ಆವತ್ತಿನ ಮಧ್ಯಾಹ್ನದ ಅಡುಗೆ ಆಗಿದ್ದು ಸಂಜೆಗೆ.

ಅದನ್ನು ನೀರಿನಡಿಯಲ್ಲೇ ಹದಕ್ಕೆ ಬಿಟ್ಟು ಕಾಯಬೇಕು. ಮಳೆಗಾಲವೋ ಕಾಯುವುದಿಲ್ಲ. ಕೃತ್ತಿಕಾ ಮಳೆ ಎರಡು ಸಲ ಬಂದು ಹೆದರಿಸಿ ಹೋಯಿತು. ಪ್ರಕಾಶ ಕ್ಯಾಲೆಂಡರ್ ನೋಡಿ, “ಮೃಗಶಿರಕ್ಕೆ ಮೊದಲು ಆಗುತ್ತಾ ಅಪ್ಪಾ?” ಎಂದು ಕೇಳಿದ. ಮಾವ ಸಂದಿಯಲ್ಲಿ ಉಳಿದಿದ್ದ ಫೈರ್‌ಕ್ಲೇಯನ್ನೂ ಇಟ್ಟಿಗೆಯ ಚೂರುಗಳನ್ನೂ ಕೆರೆದು ತೆಗೆಯುತ್ತಲೇ ಇದ್ದರು. ಅವನೂ ನೀರು ಹೊರಲು ನಿಂತ.

ತುಂಬುವ ಮೊದಲು ಗೋಡೆಗೆ ನೀರು ಕುಡಿಸಬೇಕು. ಇಲ್ಲದಿದ್ದರೆ ಒಣ ಇಟ್ಟಿಗೆಯೇ ಗಾರೆಯ ನೀರನ್ನು ಹೀರಿ ಅದನ್ನು ಪುಡಿ ಮಾಡುತ್ತದೆ ಎಂದು ಅತ್ತೆ ಹೇಳಿದ್ದರು. ನಾನು ಚೆಂಬಿನಿಂದ ಎರಚಿದ ನೀರು ಗೋಡೆಗೆ ತಗುಲಿದ ಕೂಡಲೇ ಮಾಯವಾಗುತ್ತಿತ್ತು. ಕೊಡ ಮುಗಿದರೂ ನೆಲಕ್ಕೆ ಒಂದು ಹನಿ ಇಳಿಯಲಿಲ್ಲ. “ಕಿವಿ ಇಟ್ಟು ಕೇಳು,” ಎಂದರು ಮಾವ. ನಾನು ಒದ್ದೆ ಇಟ್ಟಿಗೆಗೆ ಕಿವಿ ಒತ್ತಿದೆ. ಒಳಗೆ ಸುರ್ ಸುರ್ ಎಂಬ ಬಹಳ ಸಣ್ಣ ಸದ್ದು, ಎಳೆಗೂಸು ಹಾಲು ಚೀಪುವಾಗ ಬರುವಂಥದ್ದು. ಜೀವ ಇಲ್ಲ ಎಂದ ಕಂಟ್ರಾಕ್ಟರನ ನೆನಪಾಗಿ ನನಗೆ ಅವನ ಮೇಲೆ ಸಿಟ್ಟೂ ಬರಲಿಲ್ಲ, ಪಾಪ ಎನ್ನಿಸಿತು. ಅವನು ಹೊರಗಿನಿಂದ ತಟ್ಟಿದ್ದ, ಅಷ್ಟೇ.

ಒರಳಿನಲ್ಲಿ ಅತ್ತೆ ಗಾರೆ ಅರೆಸಿದರು. ನೋಯುವ ಮಂಡಿ ಚಾಚಿ ಕೂತು, ನನ್ನಿಂದ ರುಬ್ಬಿಸಿ, ಹದ ಮಾತ್ರ ತಾವೇ ನೋಡಿದರು. ಕರಣೆಯನ್ನು ಬೋರಲು ಹಿಡಿದರೂ ಬೀಳಬಾರದು, ಕೈಗೆ ಅಂಟಲೂ ಬಾರದು. ಬೆಲ್ಲದ ನೀರನ್ನು ಈ ಸಲ ನನ್ನ ಕೈಗೆ ಕೊಡದೆ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಮಾವ ಮೇಲಿನ ಸಾಲಿನಿಂದ ಶುರುಮಾಡಿ, ದೋಸೆ ಮಗುಚುವ ಕೈಯ ಹಿಡಿಯನ್ನು ಸಪೂರಕ್ಕೆ ತೇಯ್ದು ಮಾಡಿಕೊಂಡ ಪಟ್ಟಿಯಿಂದ, ಬೆರಳುದಪ್ಪದ ಸಂದಿಗೆ ಗಾರೆಯನ್ನು ಒತ್ತಿ ಒತ್ತಿ ತುಂಬಿದರು. ದಪ್ಪ ಜಾಯಿಂಟ್ ಎಂದು ಈಗ ಗೊಣಗಲಿಲ್ಲ. ತುಂಬಿದ ಕಡೆಗೆಲ್ಲ ಒದ್ದೆ ಗೋಣಿ ಇಳಿಬಿಟ್ಟು, ಬಿಸಿಲು ಬೀಳದ ಹಾಗೆ ನೋಡಿಕೊಂಡೆವು. “ಫರ್ನೇಸಿಗೆ ಬೆಂಕಿ ಬೇಕಿತ್ತು, ಇದಕ್ಕೆ ನೆರಳು ಕಾಯ್ತಾ ಇದೀನಿ,” ಎಂದು ಮಾವ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ರೋಹಿಣಿ ಮಳೆ ಮುಗಿಯುವ ಹೊತ್ತಿಗೆ ಕೊನೆಯ ಸಾಲು ಮುಗಿಯಿತು.

ಮೃಗಶಿರ ಸುಮ್ಮನೆ ಹನಿದು ಹೋಯಿತು. ಆರಿದ್ರಾದಲ್ಲಿ ಹಿಡಿದ ಮಳೆ ಪುನರ್ವಸುವಿಗೂ ಬಿಡಲಿಲ್ಲ. ತುಂಗೆ ಕೆಂಪಗೆ ತುಂಬಿ, ನಮ್ಮ ಹಿತ್ತಿಲಿಗೇ ಅದರ ಸದ್ದು ಕೇಳುತ್ತಿತ್ತು. ಗಾಳಿಯ ಜೊತೆ ಮಳೆ ನೇರವಾಗಿ ಪಡುವಣ ಗೋಡೆಗೇ ಬಡಿಯುತ್ತಿತ್ತು. ಮಾವ ಅಡುಗೆಮನೆಗೆ ಬರುವುದು, ಒಳಗೋಡೆಯ ಮೇಲೆ ಅಂಗೈ ಇಡುವುದು, ಹೋಗುವುದು. ಸಂದಿಯ ಗಾರೆ ನೀರಿನಲ್ಲಿ ಹರಿದು ಹೋಗದೆ ನಿಂತಿತ್ತು, ಅದು ನಿಜ. ಆದರೆ ಪುನರ್ವಸುವಿನ ಒಂದು ಬೆಳಿಗ್ಗೆ ಒಲೆಯ ಹಿಂದೆ ತಟ್ಟೆಯಗಲದ ಒಂದು ಕಪ್ಪು ಮಚ್ಚೆ ಮೂಡಿತು. ಪ್ರಕಾಶನೇ ಅದನ್ನು ಮೊದಲು ಕಂಡ. ಬೆರಳಿನಿಂದ ಮುಟ್ಟಿ, “ಅಪ್ಪಾ, ಒದ್ದೆ ಆಗಿದೆ,” ಎಂದ. ಅವನ ದನಿಯಲ್ಲಿ ಗೆದ್ದ ಭಾವವಿರಲಿಲ್ಲ. ಮಾವ ಹಿತ್ತಿಲ ಬಾಗಿಲು ತೆರೆದು ಹೊರಗೆ ಹೋದರು. ಬ್ಯಾಗು ಇನ್ನೂ ಕೋಣೆಯಲ್ಲೇ ಇತ್ತೆಂಬುದು ನನಗೆ ಗೊತ್ತಿತ್ತು. ನಾನು ಕೈ ಕೆಲಸ ಬಿಟ್ಟು ಹಿಂದೆಯೇ ಹೋದೆ.

ಮಳೆ ಆಗಷ್ಟೇ ನಿಂತಿತ್ತು. ಮೋಡ ಸ್ವಲ್ಪ ಸರಿದು ಚುರುಕು ಬಿಸಿಲು ಬಿತ್ತು. ಮಾವ ಗೋಡೆಯ ಮುಂದೆ ನಿಂತಿದ್ದರು. ಗೋಡೆ ಕಡುಕೆಂಪಾಗಿ ನೆನೆದಿತ್ತು. ಹಾಗೆ ನೋಡುತ್ತಿದ್ದಂತೆ ಅದರ ಮೈಯಿಂದ ಹಬೆ ಏಳತೊಡಗಿತು. ಮೊದಲು ಎದ್ದದ್ದು ಇಟ್ಟಿಗೆಯಿಂದಲ್ಲ, ಸಂದಿಗಳಿಂದ. ಅತ್ತೆ ಅರೆಸಿ ಮಾವ ತುಂಬಿದ ಬಿಳಿ ಗೆರೆಗಳಿಂದ. ಬುಡದಿಂದ ಸೂರಿನ ತನಕ ಪ್ರತಿ ಗೆರೆಯಿಂದಲೂ ಎಳೆ ಎಳೆಯಾಗಿ ಹಬೆ ಮೇಲಕ್ಕೆ ಹೋಗುತ್ತಿತ್ತು. ಗೆರೆಗಳು ಮೊದಲು ಒಣಗಿದವು. ಆಮೇಲೆ ಅವುಗಳ ಸುತ್ತ ಇಟ್ಟಿಗೆಯ ಅಂಚು ಒಣಗಿತು. ಬಾಡಿಗೆಯವರು ಸಿಮೆಂಟು ಮೆತ್ತಿಸಿದ್ದ ಮೂಲೆಯನ್ನು ಮಾವ ಸಮಯ ಸಾಲದೆ ಹಾಗೇ ಬಿಟ್ಟಿದ್ದರು. ಅಲ್ಲಿ ಮಾತ್ರ ಒಂದೆಳೆ ಹಬೆಯೂ ಏಳಲಿಲ್ಲ. ಅಡುಗೆಮನೆಯ ಮಚ್ಚೆ ಸರಿಯಾಗಿ ಅದರ ಬೆನ್ನಿಗೇ ಇತ್ತು.

ಅತ್ತೆ ಬಂದರು, ಪ್ರಕಾಶ ಬಂದ, ಪಕ್ಕದ ಮನೆಯವರು ಬೇಲಿಗೆ ಬಂದು ನಿಂತರು. ಅಷ್ಟು ದೊಡ್ಡದೊಂದು ಗೋಡೆ ನಮ್ಮ ಕಣ್ಣೆದುರೇ ಉಸಿರು ಬಿಡುತ್ತಿತ್ತು. ನಾನು ಎಷ್ಟೋ ದೇವಸ್ಥಾನಗಳಲ್ಲಿ ಕೈಮುಗಿದು ನಿಂತಿದ್ದೇನೆ, ಮನಸ್ಸು ಚಪ್ಪಲಿಯ ಮೇಲಿರುತ್ತದೆ. ಅಂದು ಹಾಗಾಗಲಿಲ್ಲ. ತೆಗೆದುಕೊಂಡ ಮಳೆಯನ್ನು ಅದು ಹಾಗೇ ಆಕಾಶಕ್ಕೆ ವಾಪಸು ಕೊಡುತ್ತಿತ್ತು, ನಾನು ಬಾಯಿ ತೆರೆದು ನೋಡುತ್ತಿದ್ದೆ.

“ಆ ಮೂಲೆ ಒಂದು ಉಳೀತಲ್ಲ ಅಪ್ಪಾ,” ಎಂದ ಪ್ರಕಾಶ, ಕೊನೆಗೆ. “ಸಿಮೆಂಟ್ ಕಿತ್ತು ಅದಕ್ಕೂ ಗಾರೆ ಹಾಕ್ಬೇಕು. ನಾನು ಕೀಳ್ತೀನಿ ಬೇಕಾದ್ರೆ.”

“ಅದನ್ನ ಹುಷಾರಾಗಿ ಕೀಳ್ಬೇಕು, ನಿನ್ನ ಕೈಲಾಗಲ್ಲ,” ಎಂದರು ಮಾವ. ಕಣ್ಣು ಗೋಡೆಯಿಂದ ಕದಲಿರಲಿಲ್ಲ. “ಆ ಮೂಲೆ, ಆಮೇಲೆ ಮೂಡಲ ಗೋಡೆ ಪೂರ್ತಿ. ಸುಣ್ಣ ಎಷ್ಟು ಹೆಚ್ಚು ದಿನ ನೀರಲ್ಲಿದ್ರೆ ಅಷ್ಟು ಬೆಣ್ಣೆ ಆಗುತ್ತಂತೆ. ಈಗ್ಲೇ ನೆನೆಹಾಕಣ. ಬುಧವಾರ ಹೊಳಲೂರಿಗೆ ಹೋಗ್ಬರ್ತೀನಿ.”

ಅತ್ತೆ ಹಣೆ ಚಚ್ಚಿಕೊಂಡರು. “ಇನ್ನೂ ಪುನರ್ವಸು ಮುಗಿದಿಲ್ಲ ಕಣ್ರೀ. ಸಂದಿ ತುಂಬೋದು ಮುಂದಿನ ಬೇಸಿಗೆಗೆ ತಾನೆ? ಅದು ಬರೋಕೆ ಇನ್ನೂ ಎಷ್ಟು ಕಾಲ ಇದೆ!”

“ಬರ್ಲಿ ಬಿಡೇ ನಿಧಾನಕ್ಕೆ,” ಎಂದರು ಮಾವ. “ನಾನು ಇಲ್ಲೇ ಇರ್ತೀನಲ್ಲ.”